ಇಲ್ಲದ ಪದ ತೋರಿದ ಜಾಡು

ಇಬ್ಬರು ವಿದ್ಯಾರ್ಥಿಗಳು ಒಂದೇ ಸರಿಯುತ್ತರ ಬರೆದರೆ ಮೇಷ್ಟ್ರಿಗೆ ಅನುಮಾನ ಬರುವುದಿಲ್ಲ. ಇಬ್ಬರದೂ ಒಂದೇ ವಿಚಿತ್ರ ತಪ್ಪಾದರೆ ತಕ್ಷಣ ಬರುತ್ತದೆ. ಸರಿಯಾದುದನ್ನು ಯಾರು ಬೇಕಾದರೂ ಸ್ವತಂತ್ರವಾಗಿ ಕಂಡುಕೊಳ್ಳಬಹುದು. ಇಲ್ಲದುದನ್ನು ಎಲ್ಲಿಂದಲೋ ತೆಗೆದುಕೊಂಡಿರಲೇಬೇಕು. ನಿಘಂಟುಕಾರರು ಬಳಸಿದ್ದೂ ಇದೇ ಉಪಾಯವನ್ನು.

2001ರಲ್ಲಿ ಹೊರಬಂದ ‘ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿ’ಯಲ್ಲಿ ‘ಎಸ್ಕ್ವಿವೇಲಿಯನ್ಸ್’ ಎಂಬ ಪದವಿತ್ತು. ಕರ್ತವ್ಯದಿಂದ ಬೇಕೆಂದೇ ನುಣುಚಿಕೊಳ್ಳುವುದು ಎಂದು ಅದರ ಅರ್ಥ. ವಾಸ್ತವವಾಗಿ ಅಂಥ ಪದವೇ ಇರಲಿಲ್ಲ. ನಿಘಂಟಿನ ಸಿ.ಡಿ. ಆವೃತ್ತಿಯನ್ನು ನಕಲು ಮಾಡುವವರನ್ನು ಪತ್ತೆಹಚ್ಚಲೆಂದು ಸಂಪಾದಕಿ ಕ್ರಿಸ್ಟಿನ್ ಲಿಂಡ್‌ಬರ್ಗ್ ಅದನ್ನು ಹುಟ್ಟಿಸಿದ್ದರು. 2005ರಲ್ಲಿ ಗುಟ್ಟು ಬಯಲಾದಾಗ ಆ ಪದ ಇಂಟರ್‌ನೆಟ್‌ನ ನಿಘಂಟು ತಾಣವೊಂದನ್ನೂ ಸೇರಿತ್ತು!

ಇದೇ ಉಪಾಯವನ್ನು 2010ರ ಡಿಸೆಂಬರ್‌ನಲ್ಲಿ ಗೂಗಲ್ ಬಳಸಿತು. ಅರ್ಥವಿಲ್ಲದ ಸುಮಾರು 100 ಪದಗಳನ್ನು ಆರಿಸಿ, ಪ್ರತಿಯೊಂದಕ್ಕೂ ಸಂಬಂಧವಿಲ್ಲದ ಒಂದು ಪುಟವನ್ನು ತನ್ನ ಹುಡುಕಾಟದ ಫಲಿತಾಂಶದಲ್ಲಿ ಜೋಡಿಸಿತು. ಅದರ ಎಂಜಿನಿಯರುಗಳು ಮೈಕ್ರೋಸಾಫ್ಟ್‌ನ ಬ್ರೌಸರ್ ಮೂಲಕ ಆ ಪದಗಳನ್ನು ಹುಡುಕಿ, ಆ ಪುಟಗಳನ್ನು ತೆರೆದರು. ಒಂದೆರಡು ವಾರಗಳಲ್ಲಿ, ನೂರರಲ್ಲಿ ಹತ್ತಕ್ಕಿಂತ ಕಡಿಮೆ ಪದಗಳಿಗೆ, ಮೈಕ್ರೋಸಾಫ್ಟ್‌ನ ಬಿಂಗ್ ಕೂಡ ಅದೇ ಪುಟಗಳನ್ನು ತೋರಿಸತೊಡಗಿತು. 2011ರ ಫೆಬ್ರುವರಿಯಲ್ಲಿ ಗೂಗಲ್ ಇದನ್ನು ಬಹಿರಂಗಪಡಿಸಿತು. ಇದು ನಕಲಲ್ಲ, ಒಪ್ಪಿಗೆ ನೀಡಿದ ಬಳಕೆದಾರರು ಏನನ್ನು ತೆರೆಯುತ್ತಾರೆಂಬುದು ತಾನು ಗಮನಿಸುವ ಹಲವು ಸುಳಿವುಗಳಲ್ಲಿ ಒಂದು ಎಂದು ಮೈಕ್ರೋಸಾಫ್ಟ್ ವಾದಿಸಿತು. ಹುಸಿ ಪದ ಮಾಹಿತಿ ಹರಿದುಬಂದ ದಾರಿಯನ್ನು ತೋರಿಸುತ್ತದೆ. ಅದು ಕಳವೋ ಅಲ್ಲವೋ ಎಂಬ ತೀರ್ಮಾನ ಬೇರೆಯೇ ಮಾತು.

ಇದರಲ್ಲಿ ವಿದ್ಯಾರ್ಥಿಗಳಿಗೊಂದು ಪಾಠವಿದೆ. ಪ್ರಾಜೆಕ್ಟ್ ಬರೆಯುವಾಗ ಒಂದೇ ಸಂಗತಿ ಹತ್ತು ಕಡೆ ಸಿಕ್ಕಿದರೆ ಅದು ನಿಜವೇ ಇರಬೇಕೆಂದು ಅನ್ನಿಸುವುದು ಸಹಜ. ಆದರೆ ಹತ್ತೂ ಕಡೆ ಒಬ್ಬನನ್ನೇ ನೋಡಿ ಬರೆದಿದ್ದರೆ ಸಾಕ್ಷಿ ಹತ್ತಲ್ಲ, ಒಂದೇ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ನೆಂಟರಿಂದ ಬಂದ ಮನೆಮದ್ದನ್ನು ಮಗುವಿಗೆ ಕುಡಿಸಲು ಹೊರಟ ತಂದೆತಾಯಿಗೂ ಈ ಮಾತು ಅನ್ವಯಿಸುತ್ತದೆ. ಎಷ್ಟು ಮಂದಿ ಹೇಳಿದರು ಎಂದು ಎಣಿಸುವ ಮೊದಲು, ಮೊದಲು ಹೇಳಿದವರು ಯಾರು, ಅವರಿಗೆ ಅದು ತಿಳಿದದ್ದು ಹೇಗೆ ಎಂದು ಕೇಳಬೇಕು.

ಆ ನಿಘಂಟು ತಾಣದವರು ಈ ಪ್ರಶ್ನೆ ಕೇಳಲಿಲ್ಲ. ತಾವು ಸೇರಿಸಿಕೊಂಡ ಪದದ ಅರ್ಥವನ್ನು ತಾವೇ ಮಾಡಿ ತೋರಿಸಿದರು.