ಕವಲು ಹಾದಿಯ ಆಟಗಾರ

ಮೈಸೂರಿನಿಂದ ನಂಜನಗೂಡು, ಬೇಗೂರುಗಳನ್ನು ಹಾಯ್ದು ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡಿನ ನಡುವೆ ಉದಕಮಂಡಲಕ್ಕೆ ಏರುತ್ತದೆ. ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೆ, ಕೇರಳಕ್ಕೆ ಇಳಿಯುತ್ತದೆ. ಪ್ರವಾಸಿಗರ ಬಾಯಲ್ಲಿ ಮೆರೆಯುವುದು ಮೊದಲನೆಯದು. ಆದರೆ ಸುತ್ತಲಿನ ಹೊಲಗಳ ತರಕಾರಿ, ಹೂವು ಲಾರಿಯೇರಿ ಹೋಗುವುದು ಎರಡನೆಯ ದಾರಿಯಲ್ಲಿ.

ಟೆನಿಸ್ ಆಟಗಾರನ ಬಾಳಿನಲ್ಲಿಯೂ ಇಂಥದೇ ಒಂದು ಕವಲುಂಟು. ಒಂದು ಕಡೆ ಸಿಂಗಲ್ಸ್. ಹೆಸರು, ಹಣ, ಪತ್ರಿಕೆಗಳ ಚಿತ್ರ ಎಲ್ಲವೂ ಬಹುಪಾಲು ಅತ್ತಲೇ. ಇನ್ನೊಂದು ಕಡೆ ಡಬಲ್ಸ್. ಒಂಟಿಯಾಗಿ ಗೆಲ್ಲಲಾರದವನು ಜೀವನೋಪಾಯಕ್ಕೆ ಹಿಡಿಯುವ ಹಾದಿ ಅದೆಂಬ ತಾತ್ಸಾರ ಬಲ್ಲವರಲ್ಲಿಯೂ ಇಲ್ಲದಿಲ್ಲ. ಆ ತಾತ್ಸಾರವನ್ನು ತೂಗಿ ನೋಡುವುದಕ್ಕೆ ಕೊಡಗಿನ ಮಚ್ಚಂಡ ರೋಹನ್ ಬೋಪಣ್ಣನವರ ಜೀವನಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಲಾರದು.

1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಹುಟ್ಟಿದ ಬೋಪಣ್ಣನವರು ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಮಗ ಹನ್ನೊಂದನೆಯ ವಯಸ್ಸಿನಲ್ಲಿ ಟೆನಿಸ್ ದಾಂಡು ಹಿಡಿದ. ಮುಂದೆ ಅಭ್ಯಾಸಕ್ಕಾಗಿ, ಇನ್ನೂ ಹುಡುಗನಾಗಿರುವಾಗಲೇ, ಪುಣೆ ಸೇರಬೇಕಾಯಿತು. ರೈಲುಹಳಿ ಮುಗಿಯುವ ಊರಾದ ಚಾಮರಾಜನಗರದ ಗೃಹಸ್ಥರಿಗೆ ಇದರ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಓದಿಗಾಗಿ ಮಕ್ಕಳನ್ನು ಮೈಸೂರಿನ ರೈಲು ಹತ್ತಿಸಿ ಬಂದವರು ಅಲ್ಲಿ ಎಷ್ಟೋ ಮಂದಿ. ಆದರೆ ಓದಿಗೆ ಹೋದವನು ಒಂದು ಪದವಿಯನ್ನಾದರೂ ತರುತ್ತಾನೆ. ಆಟಕ್ಕೆ ಹೋದವನು ಏನು ತರುತ್ತಾನೆಂಬುದು ಇಪ್ಪತ್ತೈದು ವರ್ಷ ದಾಟುವವರೆಗೆ ಯಾರಿಗೂ ತಿಳಿಯದು.

ಬೋಪಣ್ಣನವರ ವಿಷಯದಲ್ಲಿ ತಿಳಿದು ಬಂದ ಉತ್ತರ ಅಷ್ಟೇನೂ ಸಿಹಿಯಾಗಿರಲಿಲ್ಲ. 2003ರಲ್ಲಿ ಅವರು ವೃತ್ತಿಪರ ಆಟಗಾರರಾದರು. 2007ರಲ್ಲಿ, ಇಪ್ಪತ್ತೇಳರ ಪ್ರಾಯದಲ್ಲಿ, ಸಿಂಗಲ್ಸ್‌ನಲ್ಲಿ ಜಗತ್ತಿನ 213ನೆಯ ಸ್ಥಾನಕ್ಕೇರಿದರು. ಅದಕ್ಕಿಂತ ಮೇಲಕ್ಕೆ ಎಂದೂ ಏರಲಿಲ್ಲ. ಪ್ರಪಂಚದಲ್ಲಿ ಇನ್ನೂರ ಹದಿಮೂರನೆಯವನಾಗುವುದು ಯಾವ ವಿದ್ಯೆಯಲ್ಲಾದರೂ ಸಣ್ಣ ಮಾತಲ್ಲ. ಟೆನಿಸ್‌ನಲ್ಲಿ ಮಾತ್ರ ಆ ಸ್ಥಾನದವನಿಗೆ ಪ್ರಯಾಣದ ಖರ್ಚು ಹುಟ್ಟುವುದೇ ಕಷ್ಟ. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಎರಿಕ್ ಬುಟೋರಾಕ್‌ರೊಡನೆ ಡಬಲ್ಸ್ ಪ್ರಶಸ್ತಿ ಬಂದಿತು. ಕವಲು ಹಾದಿ ಅಲ್ಲಿಂದ ಸ್ಪಷ್ಟವಾಯಿತೆನ್ನಬಹುದು.

ಹೊರನೋಟಕ್ಕೆ ಎರಡು ಆಟಗಳ ನಡುವಿನ ಅಂತರ ಒಂಬತ್ತು ಅಡಿ ಮಾತ್ರ. ಅಂಕಣದ ಉದ್ದ ಎರಡಕ್ಕೂ 78 ಅಡಿ. ಅಗಲ ಸಿಂಗಲ್ಸ್‌ಗೆ 27, ಡಬಲ್ಸ್‌ಗೆ 36. ಒಳಹೊಕ್ಕು ನೋಡಿದರೆ ಇವು ಎರಡು ಬೇರೆಯೇ ವಿದ್ಯೆಗಳು. ಒಂಟಿಯಾಟದಲ್ಲಿ ಓಡುವ ಕಾಲು, ತಾಳುವ ಎದೆ ಬೇಕು. ಜೋಡಿಯಾಟದಲ್ಲಿ ಅನೇಕ ಅಂಕಗಳು ನಾಲ್ಕಾರು ಹೊಡೆತಗಳಲ್ಲೇ ಇತ್ಯರ್ಥವಾಗುತ್ತವೆ. ಭಾರವಾದ ಸರ್ವ್, ಎದುರಾಳಿಯ ಪಾದಕ್ಕೆ ಬೀಳುವಂತೆ ಅದನ್ನು ಹಿಂದಿರುಗಿಸುವ ಕೈಚಳಕ, ಬಲೆಯ ಬಳಿ ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ಚುರುಕು, ಇವೆಲ್ಲಕ್ಕಿಂತ ಹೆಚ್ಚಾಗಿ ಜೊತೆಗಾರ ಮುಂದಿನ ಕ್ಷಣ ಎಲ್ಲಿರುತ್ತಾನೆಂಬ ಎಚ್ಚರ: ಇದು ಅಲ್ಲಿಯ ಬಂಡವಾಳ. ಜೊತೆಗಾರನ ತಪ್ಪಿಗೆ ಮುಖ ಸಿಂಡರಿಸದಿರುವುದೂ ಅದರಲ್ಲಿ ಸೇರಿದೆ. ಅದೇ ಎಲ್ಲಕ್ಕಿಂತ ಕಷ್ಟವೆಂದು ಸಂಸಾರಸ್ಥರು ಒಪ್ಪಿಯಾರು.

ಭಾರತೀಯರಿಗೆ ಈ ವಿದ್ಯೆ ಹೊಸದಲ್ಲ. 1960 ಮತ್ತು 1961ರಲ್ಲಿ ವಿಂಬಲ್ಡನ್ ಸಿಂಗಲ್ಸ್ ಸೆಮಿಫೈನಲ್ ತಲುಪಿದ ರಾಮನಾಥನ್ ಕೃಷ್ಣನ್, 1966ರ ಡೇವಿಸ್ ಕಪ್ ಅಂತಿಮ ಹಣಾಹಣಿಯಲ್ಲಿ ಜಯದೀಪ್ ಮುಖರ್ಜಿಯವರೊಡನೆ ನ್ಯೂಕೋಂಬ್ ಮತ್ತು ರೋಚ್‌ರಂಥ ಜೋಡಿಯನ್ನು ಸೋಲಿಸಿದರು. ಆಸ್ಟ್ರೇಲಿಯದ ಎದುರು ಭಾರತಕ್ಕೆ ದಕ್ಕಿದ ಒಂದೇ ಗೆಲುವು ಅದು. 1999ರಲ್ಲಿ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳ ಫೈನಲ್ ತಲುಪಿ ಎರಡನ್ನು ಗೆದ್ದರು.

ಬೋಪಣ್ಣನವರ ಹೆಸರು ಮನೆಮಾತಾದದ್ದು 2010ರಲ್ಲಿ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರನ್ನು ಜೊತೆ ಮಾಡಿಕೊಂಡು ಅವರು ಅಮೆರಿಕನ್ ಓಪನ್ ಫೈನಲ್ ತಲುಪಿದರು. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಕಳೆದುಕೊಂಡರೂ, ಎರಡು ದೇಶಗಳ ವಿಶ್ವಸಂಸ್ಥೆಯ ರಾಯಭಾರಿಗಳು ಅಂದು ಜೊತೆಯಾಗಿ ಕುಳಿತು ಆಟ ನೋಡಿದರು. ಅದಾದ ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್ ಪಂದ್ಯ. ಭಾರತ ಮೊದಲ ದಿನವೇ ಎರಡು ಸಿಂಗಲ್ಸ್ ಸೋತು, ಬಳಿಕ ಎರಡನ್ನು ಗೆದ್ದು ಸಮ ಮಾಡಿಕೊಂಡಿತು. ನಿರ್ಣಾಯಕವಾದ ಐದನೆಯದು ಸಿಂಗಲ್ಸ್, ಆಡಬೇಕಾದವರು ಬೋಪಣ್ಣ. ಒಂಟಿಯಾಟದ ಪಟ್ಟಿಯಲ್ಲಿ ತಮಗಿಂತ ಬಹಳ ಮೇಲಿದ್ದ ರಿಕಾರ್ಡೊ ಮೆಲ್ಲೊರನ್ನು ಅವರು ನೇರ ಸೆಟ್‌ಗಳಲ್ಲಿ ಕೆಡವಿದರು. ಬಿಟ್ಟು ಬಂದ ದಾರಿಯ ನಡಿಗೆ ಕಾಲಿಗೆ ಮರೆತಿರಲಿಲ್ಲ.

2017ರಲ್ಲಿ ಕೆನಡದ ಗೇಬ್ರಿಯೆಲಾ ದಬ್ರೋಸ್ಕಿಯವರೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಕೈಸೇರಿತು. ಅದೂ ಸೋಲಿನ ಬಾಯಿಂದ ಎರಡು ಸಲ ತಪ್ಪಿಸಿಕೊಂಡು. ಪುರುಷರ ಡಬಲ್ಸ್ ಮಾತ್ರ ದೂರವೇ ಉಳಿಯಿತು. 2021ರ ಆರಂಭದ ತಿಂಗಳುಗಳಲ್ಲಿ ಸೋಲಿನ ಮೇಲೆ ಸೋಲು. ಮಂಡಿಗಳ ಮೃದ್ವಸ್ಥಿ ಸವೆದುಹೋಗಿ ನೋವು ನಿತ್ಯದ ಸಂಗಾತಿಯಾಗಿತ್ತು. ವಯಸ್ಸು ನಲವತ್ತೊಂದು. ಆಟ ಬಿಡುವ ಯೋಚನೆ ಬಂದದ್ದರಲ್ಲಿ ಆಶ್ಚರ್ಯವೇನಿದೆ? ಅವರನ್ನು ಅಂಕಣದಲ್ಲಿ ಉಳಿಸಿದ್ದು ಅಯ್ಯಂಗಾರ್ ಯೋಗ. ಆ ಪದ್ಧತಿಯ ಕರ್ತೃ ಬಿ. ಕೆ. ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1930ರ ದಶಕದಲ್ಲಿ ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತ ವಿದ್ಯೆಯನ್ನು ಪುಣೆಯಲ್ಲಿ ಬೆಳೆಸಿದವರು. ಕೊಡಗಿನ ಹುಡುಗ ಟೆನಿಸ್ ಕಲಿಯಲು ಹೋದದ್ದೂ ಅದೇ ಪುಣೆಗೆ!

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಬೋಪಣ್ಣನವರು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್‌ರೊಡನೆ ಪುರುಷರ ಡಬಲ್ಸ್ ಗೆದ್ದರು. ಇಟಲಿಯ ಬೊಲೆಲ್ಲಿ ಮತ್ತು ವವಸ್ಸೋರಿ ಜೋಡಿಗೆ ಮೊದಲ ಸೆಟ್‌ನ ಟೈಬ್ರೇಕರ್‌ನಲ್ಲಿ ಒಂದು ಅಂಕವೂ ಸಿಗಲಿಲ್ಲ. ಎರಡನೆಯ ಸೆಟ್ 7-5. ಎರಡು ದಿನಗಳ ಬಳಿಕ ಅವರು ಡಬಲ್ಸ್‌ನಲ್ಲಿ ಜಗತ್ತಿನ ಮೊದಲನೆಯವರಾದರು. ನಲವತ್ಮೂರರ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನವೇರಿದವರು ಅವರಿಗೆ ಮುಂಚೆ ಯಾರೂ ಇರಲಿಲ್ಲ. ಪದ್ಮಶ್ರೀ ಗೌರವವೂ ಅದೇ ವರ್ಷ ಸಂದಿತು. ಒಲಿಂಪಿಕ್ ಪದಕ ಮಾತ್ರ ಕೊನೆಗೂ ದಕ್ಕಲಿಲ್ಲ. 2016ರಲ್ಲಿ ರಿಯೋದಲ್ಲಿ ಸಾನಿಯಾ ಮಿರ್ಜಾರೊಡನೆ ಪಡೆದ ನಾಲ್ಕನೆಯ ಸ್ಥಾನವೇ ಹತ್ತಿರದ್ದು.

2025ರ ನವೆಂಬರ್ 1ರಂದು ಅವರು ನಿವೃತ್ತಿಯನ್ನು ಸಾರಿದರು. ಕೊನೆಯ ಪಂದ್ಯ ಪ್ಯಾರಿಸ್‌ನಲ್ಲಿ. ಅದೂ ಡಬಲ್ಸ್, ಅದೂ ಸೋಲು. ಜೊತೆಗಿದ್ದ ಕಜಾಕ್‌ಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಹುಟ್ಟಿದ್ದು 1997ರಲ್ಲಿ, ಚಾಮರಾಜನಗರವು ಮೈಸೂರಿನಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾದ ವರ್ಷ. ಆ ಹೊತ್ತಿಗೆ ಬೋಪಣ್ಣನವರು ದಾಂಡು ಹಿಡಿದು ಆರು ವರ್ಷಗಳಾಗಿದ್ದವು.