ತಾತನ ಹೋಂವರ್ಕ್

ಮಕ್ಕಳೇ, ಈ ವಾರ ನನ್ನದೇ ಒಂದು ಗುಟ್ಟು ಹೇಳುತ್ತೇನೆ. 65 ತುಂಬಿದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೇನೆ.

ಇದಕ್ಕೆ ಕಾರಣ ನಮ್ಮ ಹಿತ್ತಲಿನ ಟೊಮೆಟೊ. ಎಷ್ಟು ನೀರು ಹಾಕಿದರೂ ಗಿಡಗಳು ಸೊರಗುತ್ತಿದ್ದವು. ಮಣ್ಣಿನ ಗುಣವನ್ನೇ ತಿಳಿಯೋಣವೆಂದು ‘ಸ್ವಯಂ’ ಜಾಲತಾಣದಲ್ಲಿ ಮಣ್ಣಿನ ವಿಜ್ಞಾನದ 12 ವಾರಗಳ ಪಾಠಕ್ಕೆ ಸೇರಿದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ತಾಣವದು. ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಹಣ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಮೊದಲೆರಡು ವಾರ ಭಾರೀ ಹುರುಪು. ಮೂರನೆಯ ವಾರ ನೆಂಟರ ಮನೆ ಮದುವೆ. ನಾಲ್ಕನೆಯ ವಾರ ಮೇಷ್ಟರ ಇಂಗ್ಲಿಷ್ ಓಟಕ್ಕೆ ನನ್ನ ಕಿವಿ ಸೋತಿತು. ಎರಡು ವಾರದ ಹೋಂವರ್ಕ್ ತಪ್ಪಿಹೋಯಿತು. ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?’ ಅನ್ನಿಸಿತು. ಕಂಪ್ಯೂಟರಿನ ಶಾಲೆಯಲ್ಲಿ ಒಂದು ತೊಂದರೆಯಿದೆ. ನೀವು ಬರದಿದ್ದರೆ ಗದರುವ ಮೇಷ್ಟರಿಲ್ಲ, ‘ನಿನ್ನೆ ಎಲ್ಲಿದ್ದೆ?’ ಎಂದು ಕೇಳುವ ಪಕ್ಕದ ಬೆಂಚಿನವನೂ ಇಲ್ಲ.

ಒಂದು ಸಂಜೆ ಐದನೇ ಕ್ಲಾಸಿನ ಮೊಮ್ಮಗಳು ಕೇಳಿದಳು: “ತಾತ, ನಿನ್ನ ಹೋಂವರ್ಕ್ ಆಯ್ತಾ?”

“ಆಯ್ತು ಪುಟ್ಟಿ” ಎಂದೆ.

“ತೋರಿಸು.”

ತೋರಿಸಲು ಏನಿತ್ತು? ಸುಳ್ಳು ಹೇಳಿದ್ದೆ, ಸಿಕ್ಕಿಬಿದ್ದೆ. ಅವಳು ನನ್ನ ಮುಖವನ್ನೇ ನೋಡಿ, “ಭಿನ್ನರಾಶಿ ಬರದಿದ್ದಾಗ ನಾನು ಬಿಟ್ಟೆನಾ?” ಎಂದಳು. ‘ಅರ್ಧಕ್ಕೆ ಬಿಡಬಾರದು’ ಎಂದು ಆಗ ಅವಳಿಗೆ ಬುದ್ಧಿ ಹೇಳಿದವನು ನಾನೇ!

ಅಂದು ರಾತ್ರಿ ನಿಯಮಗಳನ್ನು ಸರಿಯಾಗಿ ಓದಿದೆ. 12 ಹೋಂವರ್ಕ್‌ಗಳಲ್ಲಿ ಚೆನ್ನಾಗಿ ಮಾಡಿದ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. ಎರಡು ತಪ್ಪಿದ್ದರೂ ದಾರಿ ಮುಚ್ಚಿರಲಿಲ್ಲ. ವಿಡಿಯೊದ ವೇಗ ತಗ್ಗಿಸಿ ಕೇಳಿದೆ. ಭಾನುವಾರ ಮೂರು ಗಂಟೆ ಕೂರುವುದನ್ನು ಬಿಟ್ಟು, ದಿನಾ ಸಂಜೆ ಏಳಕ್ಕೆ ಅರ್ಧ ಗಂಟೆ ಎಂದು ಗೊತ್ತುಮಾಡಿಕೊಂಡೆ. ಊಟದ ಮೇಜಿನ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ನಾನು.

ಒಂದು ದಿನ ಇಬ್ಬರೂ ಸೇರಿ ಪ್ರಯೋಗ ಮಾಡಿದೆವು. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಿತ್ತಲಿನ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟೆವು. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರಿತು. ಅದರ ಮೇಲೆ ನುಣುಪು ಮಣ್ಣು ಕೂತಿತು. ಜೇಡಿ ಮಾತ್ರ ಮರುದಿನ ಬೆಳಿಗ್ಗೆಯೂ ನೀರನ್ನು ಕದಡಿಯೇ ಇಟ್ಟಿತ್ತು. ಕೊನೆಗೆ ನೋಡಿದರೆ ಜೇಡಿಯ ಪದರವೇ ದಪ್ಪ! ಜೇಡಿ ನೀರನ್ನು ಬೇಗ ಬಿಡುವುದಿಲ್ಲ. ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಗಿಡ ಸೊರಗಿದಾಗಲೆಲ್ಲ ನಾನು ಇನ್ನೊಂದು ಬಿಂದಿಗೆ ಸುರಿಯುತ್ತಿದ್ದೆ!

“ತಾತ, ಗಿಡಕ್ಕೆ ಉಸಿರು ಕಟ್ಟಿತ್ತು” ಎಂದಳು ಪುಟ್ಟಿ. ಪಾಠದಲ್ಲಿ ಅರ್ಥವಾಗದೆ ಉಳಿದಿದ್ದು ಆ ಒಂದು ಮಾತಿನಲ್ಲಿ ತಲೆಗೆ ಹೋಯಿತು.

ಮುಂದಿನ ವಾರ ನನ್ನ ಪರೀಕ್ಷೆ. ಎಷ್ಟು ಅಂಕ ಬರುತ್ತದೋ ಕಾಣೆ. ನೀರು ಕಡಿಮೆ ಮಾಡಿದ ಮೇಲೆ ಟೊಮೆಟೊ ಮಾತ್ರ ಹೂ ಬಿಟ್ಟಿದೆ.

ಅಜ್ಜ ಅಜ್ಜಿಯರೇ, ಏನಾದರೂ ಕಲಿಯಲು ಹೊರಟಿದ್ದರೆ ಮನೆಯ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮಕ್ಕಳೇ, ಇವತ್ತು ಸಂಜೆ ಅವರನ್ನು ಕೇಳಿ: “ಹೋಂವರ್ಕ್ ಆಯ್ತಾ?” ‘ಆಯ್ತು’ ಎಂದರೆ, ‘ತೋರಿಸಿ’ ಎನ್ನುವುದನ್ನು ಮರೆಯಬೇಡಿ.