ಮಂಗಳವಾರದ ಚೀಟಿ

ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಕಂಡರೆ ‘ಎಲ್ಲಿಗೆ ಹೊರಟಿದ್ದು?’ ಎಂದು ಕೇಳದೆ ಮುಂದೆ ಹೋಗುವ ರೂಢಿಯಿಲ್ಲ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ಹೊರಟವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ‘ಮಣಿಪಾಲಕ್ಕೆ’ ಎಂದರೆ ‘ಯಾರಿಗೆ ಹುಷಾರಿಲ್ಲ?’ ಎಂಬುದು ಬೆನ್ನಿಗೇ ಬರುತ್ತದೆ.

ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲೂ 2022ರಲ್ಲೂ ಜನ ಗಟ್ಟಿಯಾಗಿ ಕೇಳಿದರು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆ ಎಂದು ಅಲೆಯುವ ದಾರಿಯಲ್ಲೇ ಜೀವ ಹೋಗುತ್ತದೆ ಎಂಬ ಆ ಕೂಗಿನಲ್ಲಿ ನ್ಯಾಯವಿದೆ. ಮನಸ್ಸಿನ ಕಾಯಿಲೆಗೆ ಮಾತ್ರ ಆ ದೂರವೇ ಎಷ್ಟೋ ಜನರಿಗೆ ಮರೆ. ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೇ ಬರುವ ಏರ್ಪಾಡಾಯಿತು. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಉಳಿಸುವ ಒಳ್ಳೆಯ ಯೋಜನೆ. ಆದರೆ ವಾರ ಊರಿಗೆಲ್ಲ ಗೊತ್ತಿದ್ದರೆ ಸಾಲಿನಲ್ಲಿ ಕೂತವರು ಯಾತಕ್ಕೆ ಬಂದವರೆಂದೂ ಗೊತ್ತು. ಚೀಟಿ ಬರೆಯುವವಳು ಪಕ್ಕದ ಕೇರಿಯ ಸೊಸೆಯಾಗಿರಬಹುದು, ಔಷಧಿ ಕೊಡುವವನು ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನಾಗಿರಬಹುದು.

ವೈದ್ಯರ ಕೋಣೆಯೊಳಗಿನ ಗುಟ್ಟಿಗೆ ಕಾನೂನಿನ ಕಾವಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಅದೇ ವರ್ಷ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಇಷ್ಟೆಲ್ಲ ಇದ್ದರೂ ಗುಟ್ಟು ಒಡೆಯುವುದು ಸಾಮಾನ್ಯವಾಗಿ ಕೋಣೆಯೊಳಗಲ್ಲ. ರೋಗಿ ಇನ್ನೂ ರೋಗಿಯೆಂದು ದಾಖಲಾಗುವ ಮೊದಲೇ, ಮೊದಲ ಫೋನಿನಲ್ಲೇ ಅದು ಒಡೆದಿರುತ್ತದೆ.

ಆ ಫೋನು ಯಾರದು? ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನು ಹೆಸರಿಗೆ ಒಬ್ಬರದು, ಬಳಕೆಗೆ ಎಲ್ಲರದು. ಹೆಂಡತಿಯ ವಾಟ್ಸಾಪ್ ಗಂಡನ ಲ್ಯಾಪ್‌ಟಾಪಿನಲ್ಲೂ ತೆರೆದಿರುತ್ತದೆ. ಭಟ್ಕಳದಿಂದ ದುಬೈಗೆ ದಿನವೂ ವಿಡಿಯೋ ಕರೆ ಹೋಗುವ ಮನೆಯಲ್ಲಿ ಫೋನು ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಕ್ಲಿನಿಕ್ಕಿನಿಂದ ಕರೆ ಬಂದರೆ ಟ್ರೂಕಾಲರ್ ಹೆಸರನ್ನು ದೊಡ್ಡದಾಗಿ ತೋರಿಸುತ್ತದೆ. ಫೀಸನ್ನು ಫೋನ್‌ಪೇಯಲ್ಲಿ ಕಟ್ಟಿದರೆ ಅದೂ ಲೆಕ್ಕದಲ್ಲಿ ಉಳಿಯುತ್ತದೆ. ತಿಂಗಳ ಕೊನೆಗೆ ಅಪ್ಪ ‘ಇದೆಂತ ಎಂಟುನೂರು?’ ಎಂದು ಕೇಳುತ್ತಾನೆ. ಇವನ್ನೆಲ್ಲ ಮೀರಿಸುವುದು, ಎತ್ತಿದವರು ಯಾರೆಂದೂ ವಿಚಾರಿಸದೆ ‘ಮನೋವೈದ್ಯರ ಕ್ಲಿನಿಕ್ಕಿನಿಂದ, ನಾಳೆಯ ಅಪಾಯಿಂಟ್‌ಮೆಂಟ್ ನೆನಪಿಸಲು’ ಎಂದು ಶುರು ಮಾಡುವ ರಿಸೆಪ್ಷನ್ನಿನ ದನಿ.

ಇದನ್ನು ತಡೆಯಲು ದೊಡ್ಡ ತಂತ್ರಜ್ಞಾನವೇನೂ ಬೇಡ. ‘ಯಾವ ಹೊತ್ತಿಗೆ ಫೋನ್ ಮಾಡಲಿ, ಬೇರೆಯವರು ಎತ್ತಿದರೆ ಏನು ಹೇಳಲಿ, ಮೆಸೇಜು ಹಾಕಬಹುದೋ ಬೇಡವೋ’ ಎಂದು ಚಿಕಿತ್ಸಕರೇ ಮೊದಲು ಕೇಳಬೇಕು. ಸಂಕಟದಲ್ಲಿರುವವರೇ ಎಚ್ಚರ ವಹಿಸಲಿ ಎನ್ನುವುದು ಅನ್ಯಾಯ. ಎಚ್ಚರ ವಹಿಸುವಷ್ಟು ಶಕ್ತಿಯಿದ್ದಿದ್ದರೆ ಅವರು ಬಹುಶಃ ಫೋನನ್ನೇ ಮಾಡುತ್ತಿರಲಿಲ್ಲ. ನೆರವು ಕೇಳಿ ಬರೆಯುವವರೂ ಮೊದಲ ಮೆಸೇಜಿನಲ್ಲಿ ಕತೆಯನ್ನೆಲ್ಲ ತೋಡಿಕೊಳ್ಳಬೇಕಿಲ್ಲ. ನಮ್ಮ ಕಡೆ ದೇವರ ಪ್ರಸಾದ ಕೇಳುವಾಗ ಕಷ್ಟವನ್ನು ಮನಸ್ಸಿನಲ್ಲೇ ಹೇಳಿಕೊಂಡು ಹೂವು ಬಲಕ್ಕೆ ಬೀಳಲೆಂದು ಕಾಯುವವರಿದ್ದಾರೆ, ಹಾಗೆಯೇ ಇಲ್ಲೂ ಹೆಸರು, ಬಿಡುವಿನ ಹೊತ್ತು ಇಷ್ಟೇ ಸಾಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಸ್ ಹತ್ತಬೇಕಿಲ್ಲ, ಚೀಟಿ ಮಾಡಿಸಬೇಕಿಲ್ಲ. ಆದರೂ ಆ ಐದು ಅಂಕಿ ಫೋನಿನಲ್ಲಿ ಉಳಿಯುತ್ತದೆ, ಒಂದೇ ಕೋಣೆಯ ಮನೆಯಲ್ಲಿ ಮಾತು ಗೋಡೆಯಾಚೆಗೂ ಕೇಳುತ್ತದೆ.

ಹೀಗೆ ಮುಚ್ಚಿಡುವುದರಿಂದಲೇ ಕಳಂಕ ಬೆಳೆಯುತ್ತದೆ, ಸಕ್ಕರೆ ಕಾಯಿಲೆಯನ್ನು ಹೇಳಿಕೊಂಡಂತೆ ಇದನ್ನೂ ಹೇಳಿಕೊಳ್ಳಬಾರದೇ ಎನ್ನುವವರಿದ್ದಾರೆ. ಹೇಳಿಕೊಳ್ಳಲಿ, ಒಳ್ಳೆಯದೇ. ಆದರೆ ಊರಿನ ಮನಸ್ಸು ತಿದ್ದುವ ಕೆಲಸವನ್ನು ರೋಗಿಯ ತಲೆಗೆ ಕಟ್ಟಬಾರದು. ಮಗಳ ಮದುವೆಯ ಮಾತುಕತೆ ಮುರಿದುಬಿದ್ದಾಗ ಈ ಉಪದೇಶ ಕೊಟ್ಟವರು ಯಾರೂ ಹತ್ತಿರ ಬರುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಮನೆಯವರದು. ರಾತ್ರಿಯಿಡೀ ಪಕ್ಕದಲ್ಲಿ ಕೂರುವವರು ನಾವು, ಔಷಧಿಗೆ ದುಡ್ಡು ಹೊಂದಿಸುವವರು ನಾವು, ನಮ್ಮಿಂದ ಮುಚ್ಚಿಡುವುದೆಂದರೇನು? ನಮ್ಮಲ್ಲಿ ಆರೈಕೆಯ ಬಹುಪಾಲು ಮನೆಯವರದೇ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಕಾಯ್ದೆಯೂ ಅಲ್ಲಗಳೆದಿಲ್ಲ. ಅದರ 14ನೇ ಸೆಕ್ಷನ್ ಪ್ರಕಾರ ವಯಸ್ಕರು ತಮ್ಮ ಪರವಾಗಿ ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ಅದು ಅಮ್ಮನೇ ಆಗಬಹುದು, ಅಕ್ಕ ಆಗಬಹುದು, ಗೆಳೆಯನೂ ಆಗಬಹುದು. ಆಯ್ಕೆ ರೋಗಿಯದು. ಸಂಕಟದ ಮೂಲ ಮನೆಯೊಳಗೇ ಇರುವ ಹೆಣ್ಣುಮಗಳಿಗೆ ಆ ಆಯ್ಕೆಯೇ ಮೊದಲ ಮದ್ದು.

ಗೋಪ್ಯತೆಗೆ ಮಿತಿಯೂ ಉಂಟು. ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ಕೋರ್ಟು ಕೇಳಿದರೆ ಚಿಕಿತ್ಸಕರು ಮಾಹಿತಿ ಕೊಡಬಹುದೆಂದು ಅದೇ 23ನೇ ಸೆಕ್ಷನ್ ಹೇಳುತ್ತದೆ. ಹಲವರು ಇದನ್ನು ಮೊದಲೇ ತಿಳಿಸಲು ಹಿಂಜರಿಯುತ್ತಾರೆ, ಬಂದವರು ಹೆದರಿ ವಾಪಸು ಹೋದಾರೆಂದು. ಒಬ್ಬಿಬ್ಬರು ಹೋಗಲೂಬಹುದು. ಆದರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಟ್ಟು ಆಮೇಲೆ ಮನೆಗೆ ಫೋನ್ ಮಾಡಿದರೆ, ಆ ಮನೆಯವರಷ್ಟೇ ಅಲ್ಲ, ಅವರಿಂದ ಸುದ್ದಿ ಕೇಳಿದ ಕೇರಿಯವರೂ ಮುಂದಿನ ಮಂಗಳವಾರ ಆಸ್ಪತ್ರೆಯ ಕಡೆ ಬರುವುದಿಲ್ಲ.